ದೇವರ ಹೆಸರಿಗೆ 41 ಮತ: ಸಂವಿಧಾನ ಮತ್ತು ಧರ್ಮದ ಬಗ್ಗೆ ಬಡಾವಣೆಯಲ್ಲೊಂದು ಚರ್ಚೆ ನಡೆಸುವ ಬಗೆ

ಸಂವಿಧಾನದಲ್ಲಿ ಧರ್ಮಕ್ಕೆ ಎಷ್ಟು ಜಾಗ ಇರಬೇಕು ಎಂಬ ವಿಷಯ ಇಟ್ಟುಕೊಂಡು ಬೆಂಗಳೂರಿನಲ್ಲಿ ಸಭೆ ಕರೆದರೆ ಜನ ಬರುತ್ತಾರೆ. ಬಸವನಗುಡಿಯಾಗಲಿ, ವಿಜಯನಗರವಾಗಲಿ, ಹೊರವರ್ತುಲ ರಸ್ತೆಯಾಚೆಯ ಅಪಾರ್ಟ್‌ಮೆಂಟಾಗಲಿ, ಕುರ್ಚಿಗಳು ಖಾಲಿ ಉಳಿಯುವುದಿಲ್ಲ. ತೊಂದರೆ ಶುರುವಾಗುವುದು ಜನ ಬಂದು ಕುಳಿತ ಮೇಲೆ. ಮೊದಲ ಇಪ್ಪತ್ತು ನಿಮಿಷದಲ್ಲಿ ಮಾತು ಅಯೋಧ್ಯೆಗೆ ಹೋಗುತ್ತದೆ, ಅಲ್ಲಿಂದ ಹಿಜಾಬಿಗೆ, ಅಲ್ಲಿಂದ ಟಿಪ್ಪುವಿಗೆ, ಕೊನೆಗೆ ಮುಂದಿನ ಚುನಾವಣೆಗೆ. ಎರಡು ಗಂಟೆ ಕಳೆದರೂ ಯಾರೂ ಸಂವಿಧಾನದ ಒಂದು ಸಾಲನ್ನೂ ಓದಿರುವುದಿಲ್ಲ. ಪಕ್ಕದ ಮನೆಯವರ ಜತೆ ಮಾತು ಬಿಟ್ಟದ್ದಷ್ಟೇ ಲಾಭ.

ಇಂಥ ಕೂಟಗಳನ್ನು ನಡೆಸುತ್ತ, ನಡೆಸುವವರಿಗೆ ನೆರವಾಗುತ್ತ ಬಂದ ನನಗೆ ಕಂಡಿರುವ ದಾರಿ ಇದು: ಎಲ್ಲರ ಕೈಗೂ ಮೂಲ ಪಠ್ಯ ಕೊಡಿ, ಯಾವ ಸಾಲಿನ ಬಗ್ಗೆ ಮಾತು ಬಂದರೂ ‘ಈ ಸಾಲು ಯಾರಿಗೆ ಏನು ಮಾಡುತ್ತದೆ?’ ಎಂದು ಕೇಳಿ. ದೇವರ ಹೆಸರು ಇದೆಯೋ ಇಲ್ಲವೋ ಎಂದು ಕಿತ್ತಾಡುವುದು ಸುಲಭ. ಆ ಹೆಸರಿನಿಂದ ಯಾರ ಹಕ್ಕು ಹಿಗ್ಗುತ್ತದೆ, ಯಾರದು ಕುಗ್ಗುತ್ತದೆ ಎಂದು ಹೇಳಬೇಕಾದರೆ ಓದಿಕೊಂಡು ಬರಬೇಕಾಗುತ್ತದೆ.

ಮೊದಲು ವಿಷಯವನ್ನು ಒಂದು ದಿನಕ್ಕೆ, ಒಂದು ವಾಕ್ಯಕ್ಕೆ ಇಳಿಸಿ

‘ಭಾರತ ಧರ್ಮನಿರಪೇಕ್ಷವಾಗಿರಬೇಕೇ?’ ಎಂಬ ವಿಷಯ ಕೊಟ್ಟರೆ ಕೆಟ್ಟಿತು. ಅದಕ್ಕೆ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ, ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ನಾನು ಸದಾ ಶಿಫಾರಸು ಮಾಡುವ ವಿಷಯ ಬೇರೆ: ‘1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯು ಕಾಮತರ ತಿದ್ದುಪಡಿಯನ್ನು ಒಪ್ಪಬೇಕಿತ್ತು.’ ಈ ವಾಕ್ಯದ ಪರ ಒಂದು ತಂಡ, ವಿರುದ್ಧ ಇನ್ನೊಂದು.

ಅಂದು ನಡೆದದ್ದು ತಿಳಿಯದಿದ್ದರೆ ಈ ವಿಷಯದ ರುಚಿ ಹತ್ತುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಂವಿಧಾನದ ವಿಧಿಗಳ ಚರ್ಚೆಯೆಲ್ಲ ಬಹುಮಟ್ಟಿಗೆ ಮುಗಿದ ಮೇಲೆ, ಪ್ರಸ್ತಾವನೆ ಆ ದಿನ ಸಭೆಯ ಮುಂದೆ ಬಂತು. ಎಚ್.ವಿ. ಕಾಮತ್ ಎದ್ದುನಿಂತರು. ಹುಟ್ಟಿದ್ದು ಮಂಗಳೂರಿನಲ್ಲಿ, ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು, ಸಭೆಗೆ ಬಂದದ್ದು ಮಧ್ಯಪ್ರಾಂತದಿಂದ. ‘ಭಾರತದ ಜನತೆಯಾದ ನಾವು’ ಎಂಬುದರ ಮೊದಲು ‘ದೇವರ ಹೆಸರಿನಲ್ಲಿ’ ಎಂದು ಸೇರಿಸಬೇಕು ಎಂಬುದು ಅವರ ತಿದ್ದುಪಡಿ. ಮಾಡುವುದನ್ನೆಲ್ಲ ನನಗೆ ಅರ್ಪಿಸು ಎಂಬ ಭಗವದ್ಗೀತೆಯ ಮಾತನ್ನು ಆಧಾರವಾಗಿ ತಂದರು. ಶಿಬ್ಬನ್ ಲಾಲ್ ಸಕ್ಸೇನಾ ಅವರದು ಇನ್ನೂ ದೊಡ್ಡ ವಾಕ್ಯ. ಅದರಲ್ಲಿ ದೇವರ ಜತೆ ಗಾಂಧಿಯವರ ಹೆಸರೂ ಇತ್ತು. ಗಾಂಧಿಯವರನ್ನು ಇದರಲ್ಲಿ ತರುವುದು ಬೇಡ ಎಂಬ ವಿರೋಧ ಎದ್ದು, ಅವರು ಹಿಂದೆ ಸರಿದರು. ಮದನಮೋಹನ ಮಾಳವೀಯರ ಮಗ ಗೋವಿಂದ ಮಾಳವೀಯರು ಬೇರೆ ಬೇರೆ ಜನ ಬೇರೆ ಬೇರೆ ಹೆಸರಿನಿಂದ ಕರೆಯುವ ಪರಮೇಶ್ವರನ ಕೃಪೆಯನ್ನು ಸೂಚಿಸಿದರು.

ಚರ್ಚೆ ಸ್ವಾರಸ್ಯಕರವಾಗಿ ತಿರುಗಿದ್ದು ಇಲ್ಲಿಂದ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ, ಕಾಮಾಖ್ಯೆಯನ್ನು ಪೂಜಿಸುವ ನಾಡಿನಿಂದ ಬಂದ ನಮಗೆ ದೇವರೇ ಯಾಕೆ, ದೇವಿಯ ಹೆಸರು ಯಾಕಾಗಬಾರದು ಎಂದು ಕೇಳಿದರು. ತಿರುವಾಂಕೂರಿನ ಥಾಣು ಪಿಳ್ಳೈ ತಾವು ಆಸ್ತಿಕರೇ ಆದರೂ ಇದನ್ನು ಒಪ್ಪಲಿಲ್ಲ. ದೇವರನ್ನು ನಂಬುವ ಹಕ್ಕಿನಂತೆಯೇ ನಂಬದಿರುವ ಹಕ್ಕೂ ಇದೆ, ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂಬುದು ಅವರ ವಾದ. ಹೃದಯನಾಥ ಕುಂಜ್ರು ಅವರು ಅಂತರಂಗದ ಭಾವನೆಯನ್ನು ಚರ್ಚೆಯ ಕಣಕ್ಕೆ ಎಳೆದದ್ದಕ್ಕೇ ನೊಂದುಕೊಂಡರು. ವಿಶ್ವಾಸ ಮತ್ತು ಉಪಾಸನೆಯ ಸ್ವಾತಂತ್ರ್ಯವನ್ನು ಕೊಡುವ ಪ್ರಸ್ತಾವನೆಯೇ ಎಲ್ಲರ ಬಾಯಲ್ಲೂ ದೇವರ ಹೆಸರು ಹೇಳಿಸುವುದು ಹೇಗೆ ಸರಿ ಎಂದರು. ದೇವರ ಬಗ್ಗೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಈಡು ಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಜಗ್ಗಲಿಲ್ಲ, ಮತಕ್ಕೆ ಹಾಕಿಸಿದರು. ಸದಸ್ಯರು ಕೈ ಎತ್ತಿದರು: ಪರ 41, ವಿರುದ್ಧ 68.

ಒಟ್ಟು 109 ಮತ. ಸಭೆಯ ಸದಸ್ಯಬಲ ಸುಮಾರು ಮುನ್ನೂರು. ಆದ್ದರಿಂದ ‘ಸಂವಿಧಾನ ಸಭೆ ಒಕ್ಕೊರಲಿನಿಂದ ದೇವರನ್ನು ಹೊರಗಿಟ್ಟಿತು’ ಎನ್ನುವವರಿಗೂ, ‘ಯಾರಿಗೂ ತಿಳಿಯದಂತೆ ಇದನ್ನೆಲ್ಲ ಮಾಡಿದರು’ ಎನ್ನುವವರಿಗೂ ಈ ಅಂಕಿಗಳು ಅನುಕೂಲಕರವಲ್ಲ. ಆಸ್ತಿಕರೇ ಎರಡೂ ಕಡೆ ಇದ್ದ ಚರ್ಚೆ ಅದು. ಇದನ್ನೇ ವಿಷಯವಾಗಿ ಆರಿಸಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣವೂ ಅದೇ. ಇಂದಿನ ಯಾವ ಪಕ್ಷದ ಬಾವುಟವೂ ಇದಕ್ಕೆ ಸರಿಯಾಗಿ ಹೊಂದುವುದಿಲ್ಲ.

ಎರಡನೆಯ ಕೂಟಕ್ಕೆ ಬೇಕಾದರೆ ಇನ್ನೆರಡು ವಿಷಯಗಳಿವೆ. 1948ರ ನವೆಂಬರ್ 15ರಂದು ಕೆ.ಟಿ. ಷಾ ಅವರು ಒಂದನೆಯ ವಿಧಿಯಲ್ಲೇ ‘ಸೆಕ್ಯುಲರ್, ಫೆಡರಲ್, ಸೋಷಲಿಸ್ಟ್’ ಎಂಬ ಮೂರು ಪದ ಸೇರಿಸಲು ತಂದ ತಿದ್ದುಪಡಿ ಒಂದು, ಅದೂ ಬಿದ್ದುಹೋಯಿತು. ಪ್ರಸ್ತಾವನೆಗೆ ಆ ಪದವನ್ನು ತಂದ 1976ರ 42ನೇ ತಿದ್ದುಪಡಿ ಇನ್ನೊಂದು.

ಎರಡನೆಯದು: ನಾಲ್ಕು ಪುಟದ ಜೆರಾಕ್ಸ್

ಸಭೆಗೆ ಒಂದು ವಾರ ಮೊದಲೇ ಪಠ್ಯ ಹಂಚಬೇಕು. ಮೊಬೈಲಿಗೆ ಕಳುಹಿಸಿದರೆ ಯಾರೂ ಓದುವುದಿಲ್ಲ, ಕಾಗದದಲ್ಲೇ ಕೊಡಿ. ಇಡೀ ಸಂವಿಧಾನ ಬೇಡ. ನನ್ನ ಆಯ್ಕೆ ಇಷ್ಟು.

ಮೊದಲ ಪುಟದಲ್ಲಿ ಪ್ರಸ್ತಾವನೆಯ ಎರಡು ರೂಪ, ಅಕ್ಕಪಕ್ಕ. 1950ರಲ್ಲಿ ‘ಸಾರ್ವಭೌಮ ಪ್ರಜಾಸತ್ತಾತ್ಮಕ ಗಣರಾಜ್ಯ’ ಎಂದಷ್ಟೇ ಇತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಂಗೀಕಾರವಾಗಿ 1977ರ ಜನವರಿ 3ರಂದು ಜಾರಿಗೆ ಬಂದ 42ನೇ ತಿದ್ದುಪಡಿಯಿಂದ ಸಮಾಜವಾದಿ, ಜಾತ್ಯತೀತ (ಸೆಕ್ಯುಲರ್) ಎಂಬ ಪದಗಳು ಬಂದವು. ದೇಶದ ‘ಏಕತೆ’ಯ ಪಕ್ಕ ‘ಅಖಂಡತೆ’ಯೂ ಸೇರಿತು. ಕರ್ನಾಟಕದ ಶಾಲೆಗಳಲ್ಲಿ 2023ರಿಂದ ಮಕ್ಕಳು ಓದುತ್ತಿರುವುದು ಈ ಎರಡನೆಯ ರೂಪ. ಜನತಾ ಸರ್ಕಾರ 42ನೇ ತಿದ್ದುಪಡಿಯ ಎಷ್ಟೋ ಭಾಗಗಳನ್ನು 1978ರಲ್ಲಿ ಅಳಿಸಿಹಾಕಿದರೂ ಈ ಪದಗಳನ್ನು ಹಾಗೆಯೇ ಬಿಟ್ಟಿತು ಎಂಬ ಟಿಪ್ಪಣಿಯನ್ನು ಅಡಿಯಲ್ಲಿ ಬರೆಯಿರಿ. ‘ತುರ್ತು ಪರಿಸ್ಥಿತಿಯ ಕೂಸು’ ಎಂಬ ಒಂದು ಮಾತಿನಲ್ಲಿ ವಾದ ಮುಗಿಸಿಬಿಡುವವರಿಗೆ ಅದು ಒಂದು ಕ್ಷಣದ ತಡೆ.

ಎರಡನೆಯ ಪುಟದಲ್ಲಿ 25ರಿಂದ 28ನೇ ವಿಧಿಗಳು. ಇಲ್ಲಿ ಜನ ಸಾಮಾನ್ಯವಾಗಿ 25ನೇ ವಿಧಿಯ ಮೊದಲ ಸಾಲನ್ನು ಓದಿ ಅಲ್ಲಿಗೇ ನಿಲ್ಲುತ್ತಾರೆ. ಎರಡನೆಯ ಖಂಡವನ್ನು ದಪ್ಪಕ್ಷರದಲ್ಲಿ ಹಾಕಿಸಿ: ಧರ್ಮದೊಂದಿಗೆ ಸೇರಿಕೊಂಡ ಆರ್ಥಿಕ, ರಾಜಕೀಯ ಮತ್ತಿತರ ಲೌಕಿಕ ಚಟುವಟಿಕೆಗಳನ್ನು ಸರ್ಕಾರ ನಿಯಂತ್ರಿಸಬಹುದು, ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಬಹುದು. ಮುಜರಾಯಿ ಇಲಾಖೆಯ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ, ಆಗ ಈ ಪುಟ ಕೈಯಲ್ಲಿದ್ದರೆ ಗಾಳಿಯಲ್ಲಿ ಗುದ್ದಾಡುವುದು ತಪ್ಪುತ್ತದೆ. ಕೃಪಾಣ ಧರಿಸುವುದು ಸಿಖ್ ಧರ್ಮದ ಭಾಗ ಎಂದು ಹೇಳುವ ವಿವರಣೆಯೂ ಇದೇ ವಿಧಿಯಲ್ಲಿದೆ.

ಮೂರನೆಯ ಪುಟ ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಇದು ಎರಡೂ ಕಡೆಯವರನ್ನು ತಬ್ಬಿಬ್ಬು ಮಾಡುತ್ತದೆ. ‘ನಮ್ಮ ಸಂವಿಧಾನದಲ್ಲಿ ದೇವರೇ ಇಲ್ಲ’ ಎನ್ನುವವರಿಗೆ ಮೂರನೇ ಅನುಸೂಚಿಯನ್ನು ತೋರಿಸಿ. ಮಂತ್ರಿಗಳು, ಸಂಸದರು, ಶಾಸಕರು, ನ್ಯಾಯಾಧೀಶರು ‘ದೇವರ ಹೆಸರಿನಲ್ಲಿ’ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ರಾಷ್ಟ್ರಪತಿಯ ಪ್ರಮಾಣವಚನಕ್ಕೂ ಇದೇ ಎರಡು ದಾರಿ. ಅಲ್ಲಿ ದೇವರ ಹೆಸರು ಬಂದದ್ದರಲ್ಲಿ ಇದೇ ಕಾಮತರ ಪಾತ್ರವಿದೆ. ಒಂದೆಡೆ ಗೆದ್ದವರು ಇನ್ನೊಂದೆಡೆ ಸೋತರು. ಎರಡಕ್ಕೂ ವ್ಯತ್ಯಾಸವೇನು? ಪ್ರಮಾಣವಚನದಲ್ಲಿ ಆಯ್ಕೆ ಇದೆ, ಪ್ರಸ್ತಾವನೆಯಲ್ಲಿ ‘ನಾವು’ ಎಂದ ಮೇಲೆ ಆಯ್ಕೆ ಇಲ್ಲ. ಈ ಒಂದು ಅಂಶದ ಮೇಲೆಯೇ ಅರ್ಧ ಗಂಟೆ ಒಳ್ಳೆಯ ಚರ್ಚೆ ನಡೆದದ್ದನ್ನು ಕಂಡಿದ್ದೇನೆ. ‘ಸರ್ಕಾರದ ದುಡ್ಡು ಧರ್ಮಕ್ಕೆ ಹೋಗುವಂತೆಯೇ ಇಲ್ಲ’ ಎನ್ನುವವರಿಗೆ 290ಎ ವಿಧಿ: ಪ್ರತಿ ವರ್ಷ ಕೇರಳದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ, ದೇವಾಲಯಗಳಿಗೆಂದು ಇರುವ ತಿರುವಾಂಕೂರು ದೇವಸ್ವಂ ನಿಧಿಗೆ 46 ಲಕ್ಷ 50 ಸಾವಿರ ರೂಪಾಯಿ, ತಮಿಳುನಾಡಿನ ಸಂಚಿತ ನಿಧಿಯಿಂದ ಅಲ್ಲಿನ ದೇವಸ್ವಂ ನಿಧಿಗೆ 13 ಲಕ್ಷ 50 ಸಾವಿರ. ರಾಜ್ಯಗಳ ಮರುವಿಂಗಡಣೆಯ ಹೊತ್ತಿನಲ್ಲಿ, 1956ರ ಏಳನೇ ತಿದ್ದುಪಡಿಯಿಂದ ಬಂದ ವಿಧಿ ಇದು. ಕಾನೂನು ಓದಿದವರಲ್ಲೂ ಅನೇಕರು ಇದನ್ನು ನೋಡಿರುವುದಿಲ್ಲ.

ನಾಲ್ಕನೆಯ ಪುಟದಲ್ಲಿ 1949ರ ಅಕ್ಟೋಬರ್ 17ರ ಕಲಾಪದಿಂದ ಆಯ್ದ ಭಾಗ. ಕಲಾಪಗಳ ಪೂರ್ಣ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷಿನಲ್ಲಿರುವುದರಿಂದ ಯಾರಾದರೂ ಇಬ್ಬರು ಕುಳಿತು ಕನ್ನಡದಲ್ಲಿ ಸಾರಾಂಶ ಮಾಡಿ ಪಕ್ಕದಲ್ಲೇ ಅಚ್ಚು ಹಾಕಲಿ. ಈ ಕೆಲಸಕ್ಕೆ ಕಾಲೇಜಿನ ಮಕ್ಕಳು ಚೆನ್ನಾಗಿ ಒದಗುತ್ತಾರೆ.

ಮೂರನೆಯದು: ಮೂರು ಪ್ರಶ್ನೆಗಳನ್ನು ಬೇರ್ಪಡಿಸಿ ಹಲಗೆಯ ಮೇಲೆ ಬರೆಯಿರಿ

ಪಠ್ಯದಲ್ಲಿ ಏನಿದೆ? ಬರೆದವರ ಮನಸ್ಸಿನಲ್ಲಿ ಏನಿತ್ತು? ಈಗ ಏನಿರಬೇಕು? ಮೂರೂ ಬೇರೆ. ಜಗಳಗಳಲ್ಲಿ ಹೆಚ್ಚಿನವು, ಒಬ್ಬರು ಒಂದನೆಯದಕ್ಕೆ ಉತ್ತರ ಕೊಡುತ್ತಿರುವಾಗ ಇನ್ನೊಬ್ಬರು ಮೂರನೆಯದನ್ನು ಕೇಳುತ್ತಿರುವುದರಿಂದ ಹುಟ್ಟುತ್ತವೆ. ಮಾತನಾಡಲು ಎದ್ದವರು ‘ಎರಡನೆಯ ಪ್ರಶ್ನೆಗೆ’ ಎಂದು ಹೇಳಿಯೇ ಶುರು ಮಾಡಬೇಕು ಎಂಬ ನಿಯಮವಿಡಿ. ಮೊದಮೊದಲು ನಗು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ.

ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಜಾರುವ ನೆಲ. ‘ಅಂಬೇಡ್ಕರ್ ಅವರೇ ಸೆಕ್ಯುಲರ್ ಪದ ಬೇಡ ಎಂದಿದ್ದರು’ ಎಂಬ ಮಾತು ಖಂಡಿತ ಬರುತ್ತದೆ. ಷಾ ಅವರ ತಿದ್ದುಪಡಿಯನ್ನು ಅಂಬೇಡ್ಕರ್ ಒಪ್ಪಲಿಲ್ಲ ಎಂಬುದು ನಿಜ. ಆದರೆ ಅವರು ಕೊಟ್ಟ ಉತ್ತರವನ್ನು ತೆಗೆದು ಓದಿ. ಸಮಾಜ ಯಾವ ಆರ್ಥಿಕ ರೂಪದಲ್ಲಿರಬೇಕು ಎಂಬುದನ್ನು ಆಯಾ ಕಾಲದ ಜನ ನಿರ್ಧರಿಸಬೇಕು, ಅದನ್ನು ಸಂವಿಧಾನದಲ್ಲಿ ಕಟ್ಟಿಹಾಕಬಾರದು. ಸಮಾಜವಾದದ ಆಶಯಗಳು ನಿರ್ದೇಶಕ ತತ್ವಗಳಲ್ಲಿ ಈಗಾಗಲೇ ಇವೆ ಎಂಬುದು ಅದರ ತಿರುಳು. ‘ಸೆಕ್ಯುಲರ್’ ಪದದ ಬಗ್ಗೆ ಅಂದು ಅವರು ವಾದವನ್ನೇ ಹೂಡಲಿಲ್ಲ. ಆ ಮೌನಕ್ಕೆ ಪರ ತಂಡ ಒಂದು ಅರ್ಥ ಕೊಡಬಹುದು, ವಿರೋಧಿ ತಂಡ ಇನ್ನೊಂದು. ಮೌನ ಎಂಬುದನ್ನು ಮಾತ್ರ ಇಬ್ಬರೂ ಒಪ್ಪಿಕೊಂಡು ಮುಂದುವರಿಯಬೇಕು.

ನ್ಯಾಯಾಲಯಗಳು ಏನು ಹೇಳಿವೆ ಎಂಬುದು ಒಂದನೆಯ ಮತ್ತು ಮೂರನೆಯ ಪ್ರಶ್ನೆಗಳ ನಡುವೆ ಬರುತ್ತದೆ. ನಿರೂಪಕರು ಇದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಪ್ರಸ್ತಾವನೆ ಸಂವಿಧಾನದ ಭಾಗವಲ್ಲ ಎಂದು 1960ರ ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪು ಅದನ್ನು ಬದಲಿಸಿ, ಪ್ರಸ್ತಾವನೆಯೂ ಸಂವಿಧಾನದ ಭಾಗವೇ ಎಂದಿತು. ಸಂಸತ್ತು ತಿದ್ದುಪಡಿಯಿಂದಲೂ ಕೆಡಿಸಲಾಗದ ಸಂವಿಧಾನದ ಮೂಲರಚನೆಯ ಅಂಶಗಳಲ್ಲಿ ಅದರ ಸೆಕ್ಯುಲರ್ ಸ್ವರೂಪವೂ ಒಂದು ಎಂಬ ಮಾತು ಅಲ್ಲಿಯೇ ಬಂತು. ಅಂದರೆ 42ನೇ ತಿದ್ದುಪಡಿಗಿಂತ ಮೂರು ವರ್ಷ ಮೊದಲು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಬಂದದ್ದು ಭೂಸುಧಾರಣೆಯ ವಿರುದ್ಧ. ಅಲ್ಲಿಂದ ಮುಂದೆ 1994ರ ಮಾರ್ಚ್ 11ರ ಎಸ್.ಆರ್. ಬೊಮ್ಮಾಯಿ ತೀರ್ಪು. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದಕ್ಕೂ ಧರ್ಮಕ್ಕೂ ಏನೇನೂ ಸಂಬಂಧವಿರಲಿಲ್ಲ. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ನೆಲಸಮವಾದ ನಂತರ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳೂ ಅದರ ಜತೆ ಸೇರಿದ್ದರಿಂದ ಒಂಬತ್ತು ನ್ಯಾಯಾಧೀಶರ ಪೀಠ ಧರ್ಮದ ವಿಷಯವನ್ನು ಕೈಗೆತ್ತಿಕೊಂಡಿತು. ಹೀಗೆ ನಮ್ಮ ಮುಖ್ಯಮಂತ್ರಿಯೊಬ್ಬರ ಹೆಸರು ದೇಶದ ಕಾನೂನು ಪುಸ್ತಕಗಳಲ್ಲಿ ತಮ್ಮದಲ್ಲದ ಜಗಳಕ್ಕೂ ಅಂಟಿಕೊಂಡಿತು. ಕೊನೆಯದಾಗಿ 2024ರ ನವೆಂಬರ್ 25: ಪ್ರಸ್ತಾವನೆಯಿಂದ ಸಮಾಜವಾದಿ, ಜಾತ್ಯತೀತ ಎಂಬ ಎರಡು ಪದಗಳನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ವಜಾ ಮಾಡಿತು, ಪ್ರಸ್ತಾವನೆಯನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆ ಎಂದಿತು.

ಜಾಗ ಮತ್ತು ಹೊತ್ತು

ಭಾನುವಾರ ಬೆಳಗ್ಗೆ ಹತ್ತು ಗಂಟೆ, ತಿಂಡಿ ಮುಗಿದ ಮೇಲೆ. ಸಂಜೆ ಇಟ್ಟರೆ ಟ್ರಾಫಿಕ್ ಅರ್ಧ ಜನರನ್ನು ನುಂಗುತ್ತದೆ, ಬಂದವರೂ ಸಿಡುಕುತ್ತಲೇ ಬರುತ್ತಾರೆ. ಮೆಟ್ರೊ ನಿಲ್ದಾಣದಿಂದ ನಡೆದು ಬರುವಂತಿದ್ದರೆ ಒಳ್ಳೆಯದು. ಕ್ಷೇಮಾಭಿವೃದ್ಧಿ ಸಂಘದ ಕೊಠಡಿ, ಅಪಾರ್ಟ್‌ಮೆಂಟಿನ ಸಭಾಂಗಣ, ಶಾಲೆಯ ತರಗತಿ ಯಾವುದಾದರೂ ಸರಿ. ದೇವಸ್ಥಾನ, ಚರ್ಚ್, ಮಸೀದಿಗಳ ಸಭಾಂಗಣ ಬೇಡ, ಪಕ್ಷದ ಕಚೇರಿಯಂತೂ ಬೇಡವೇ ಬೇಡ. ಇಪ್ಪತ್ತೈದು ಜನ ಮೀರಬಾರದು. ಮೈಕು ಇಡಬೇಡಿ, ಮೈಕು ಹಿಡಿದವರಿಗೆ ಭಾಷಣದ ಗುಂಗು ಹತ್ತುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಮತ್ತು ಗಣೇಶ ಹಬ್ಬದ ಹದಿನೈದು ದಿನ ಇದಕ್ಕೆ ಕೈ ಹಾಕದಿರುವುದೇ ವಾಸಿ.

ನಾಗರಿಕರು ಕುಳಿತು ಸಾರ್ವಜನಿಕ ವಿಚಾರಗಳನ್ನು ಚರ್ಚಿಸುವುದು ಈ ಊರಿಗೆ ಹೊಸದೇನಲ್ಲ. ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು ಇದಕ್ಕಾಗಿಯೇ. ಅಲ್ಲಿನ ಉಪನ್ಯಾಸಗಳಿಗೆ ಒಂದೆರಡು ಸಲ ಹೋಗಿ ಕುಳಿತು ಬಂದರೆ ಕೇಳುವ ಶಿಸ್ತು ಎಂದರೇನು ಎಂಬುದು ತಿಳಿಯುತ್ತದೆ.

ಬಿಸಿ ಮಾಡಿಕೊಳ್ಳಲು ವಿಧಾನಸೌಧ

ಮೊದಲ ಹದಿನೈದು ನಿಮಿಷ ಕಾಮತರ ಸುದ್ದಿ ಎತ್ತಬೇಡಿ. ಎಲ್ಲರೂ ಬಸ್ಸಿನ ಕಿಟಕಿಯಿಂದ ನೋಡಿರುವ ಒಂದು ಸಾಲನ್ನು ಹಲಗೆಯ ಮೇಲೆ ಬರೆಯಿರಿ: ‘ಸರ್ಕಾರದ ಕೆಲಸ ದೇವರ ಕೆಲಸ’. ರಾಜ್ಯದ ಶಾಸನಸಭೆಯ ಹಣೆಯ ಮೇಲೇ ದೇವರಿದ್ದಾನೆ. ಈ ಕಟ್ಟಡ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಮೈಸೂರು ಸಂಸ್ಥಾನದ ಪ್ರತಿನಿಧಿಯಾಗಿ ಅದೇ ಸಂವಿಧಾನ ಸಭೆಯಲ್ಲಿ ಕುಳಿತಿದ್ದವರು. ನಮಗೆ ಬೇಕಿದ್ದದ್ದು ವೀಣೆ ಅಥವಾ ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ಸಂವಿಧಾನದ ಬಗ್ಗೆ ಕೊರಗಿದವರು.

ಈಗ ಕೇಳಿ: ಈ ಸಾಲು ಯಾರಿಗೆ ಏನು ಮಾಡುತ್ತದೆ? ಒಬ್ಬರು ಇದು ‘ಕಾಯಕವೇ ಕೈಲಾಸ’ದ ಸರ್ಕಾರಿ ರೂಪ ಎನ್ನುತ್ತಾರೆ. ಇನ್ನೊಬ್ಬರು, ಯಾವ ದೇವರು ಎಂದು ಹೇಳಿಲ್ಲವಲ್ಲ, ಎಲ್ಲರಿಗೂ ಸಲ್ಲುತ್ತದೆ ಎನ್ನುತ್ತಾರೆ. ದೇವರನ್ನು ನಂಬದ ಗುಮಾಸ್ತನ ಗತಿಯೇನು ಎಂದು ಮೂರನೆಯವರು ಕೇಳುತ್ತಾರೆ. ಲಂಚಕ್ಕೆ ಕೈಯೊಡ್ಡುವ ಗುಮಾಸ್ತನಿಗೂ ಆ ಸಾಲು ಏನೂ ಮಾಡಿಲ್ಲ ಎಂದು ನಾಲ್ಕನೆಯವರು ನಗಿಸುತ್ತಾರೆ. ಗೋಡೆಯ ಮೇಲಿನ ಸಾಲಿಗೂ ನ್ಯಾಯಾಲಯದಲ್ಲಿ ನಿಲ್ಲುವ ವಿಧಿಗೂ ಇರುವ ಅಂತರ ಹೀಗೆ ನಗುನಗುತ್ತಲೇ ತಿಳಿಯುತ್ತದೆ.

ಪಕ್ಷ ಹಂಚುವುದು

ಚೀಟಿ ಎತ್ತಿಸಿ. ಯಾರಿಗೂ ತಮಗಿಷ್ಟವಾದ ಕಡೆ ಆರಿಸಿಕೊಳ್ಳುವ ಅವಕಾಶ ಬೇಡ. ದಿನವೂ ಸಂಧ್ಯಾವಂದನೆ ಮಾಡುವವರು ಥಾಣು ಪಿಳ್ಳೈಯವರ ವಾದವನ್ನು ಮಂಡಿಸಲಿ, ವಿಚಾರವಾದಿ ಎನಿಸಿಕೊಂಡವರು ಕಾಮತರ ಪರ ನಿಲ್ಲಲಿ. ನನ್ನ ಅನುಭವದಲ್ಲಿ ಅತ್ಯುತ್ತಮ ಭಾಷಣಗಳು ಹೀಗೆ ಒಲ್ಲದ ಪಕ್ಷ ಸಿಕ್ಕವರಿಂದಲೇ ಬಂದಿವೆ; ಸಿದ್ಧ ಮಾತುಗಳು ಅವರ ಬಳಿ ಇರುವುದಿಲ್ಲ, ಹುಡುಕಿಕೊಂಡೇ ಬರಬೇಕು. ಯಾರಾದರೂ ‘ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ’ ಎಂದರೆ ಬಲವಂತ ಮಾಡಬೇಡಿ, ಅವರನ್ನು ಸಮಯಪಾಲಕರನ್ನಾಗಿ ಕೂರಿಸಿ.

ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಪ್ರಶ್ನೆಗೆ ಒಂದು ನಿಮಿಷ. ಕಡಿಮೆ ವಯಸ್ಸಿನವರಿಂದ ಆರಂಭಿಸಿ. ಹಿರಿಯರು ಮೊದಲು ಮಾತನಾಡಿದರೆ ನಮ್ಮಲ್ಲಿ ಕಿರಿಯರು ಅವರನ್ನು ಎದುರಾಡಲು ಹಿಂಜರಿಯುತ್ತಾರೆ.

‘ಯಾವ ಪುಟದಲ್ಲಿದೆ?’

ಇಡೀ ಕೂಟವನ್ನು ಕಾಪಾಡುವ ನಿಯಮ ಇದೊಂದೇ. ಯಾರು ಏನೇ ಹೇಳಿದರೂ ಎದುರು ತಂಡದವರು ‘ಯಾವ ಪುಟದಲ್ಲಿದೆ?’ ಎಂದು ಕೇಳಬಹುದು. ತೋರಿಸಲಾಗದಿದ್ದರೆ ಆ ಮಾತು ಅಭಿಪ್ರಾಯದ ಲೆಕ್ಕಕ್ಕೆ, ಪುರಾವೆಯ ಲೆಕ್ಕಕ್ಕಲ್ಲ. ಜಯನಗರದ ಒಂದು ಕೂಟದಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ಮೂಲ ಸಂವಿಧಾನದಲ್ಲೇ ರಾಮ, ಸೀತೆ, ಲಕ್ಷ್ಮಣರ ಚಿತ್ರ ಇದೆ, ಇದಕ್ಕಿಂತ ಪುರಾವೆ ಬೇಕೇ ಎಂದರು. ಕಾನೂನು ಓದುತ್ತಿದ್ದ ಹುಡುಗಿ ಎದ್ದು, “ಸರ್, ಚಿತ್ರ ಯಾವ ವಿಧಿಯಲ್ಲಿದೆ?” ಎಂದು ಕೇಳಿದಳು. “ವಿಧಿಯಲ್ಲಿ ಯಾಕಿರುತ್ತದಮ್ಮ, ಮೂಲಭೂತ ಹಕ್ಕುಗಳ ಭಾಗದ ನೆತ್ತಿಯ ಮೇಲಿದೆ” ಎಂದರು ಅವರು. ಅವಳು ಬಿಡಲಿಲ್ಲ: “ಹದಿನಾರನೇ ಭಾಗದಲ್ಲಿ ಟಿಪ್ಪು ಮತ್ತು ಝಾನ್ಸಿ ರಾಣಿಯ ಚಿತ್ರವಿದೆ ಸರ್. ಅದರಿಂದ ಏನು ಹೊರಡಿಸೋಣ?” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಟಿಪ್ಪುವನ್ನು ತಂದರೆ ಮಧ್ಯಾಹ್ನದ ಊಟ ತಪ್ಪುತ್ತದೆ, ಕೂತುಕೋ” ಎಂದರು. ಎಲ್ಲರೂ ನಕ್ಕರು, ಚಿತ್ರಗಳ ವಾದವೂ ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಕಲಾವಿದರು ಅಲಂಕರಿಸಿದ ಆ ಕೈಬರಹದ ಪ್ರತಿಯಲ್ಲಿ ಗೀತೋಪದೇಶ, ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್ ಎಲ್ಲರೂ ಇದ್ದಾರೆ. ಚಿತ್ರಗಳು ದೇಶ ತನ್ನ ಚರಿತ್ರೆಯನ್ನು ಹೇಗೆ ಕಂಡುಕೊಂಡಿತು ಎಂಬುದನ್ನು ಹೇಳುತ್ತವೆ. ಅವುಗಳ ಆಧಾರದ ಮೇಲೆ ಯಾರೂ ಹಕ್ಕು ಕೇಳಲಾಗದು. ಎರಡನೆಯ ಪ್ರಶ್ನೆಗೆ ಸಾಕ್ಷ್ಯವಾಗಿ ತರಬಹುದು, ಒಂದನೆಯದಕ್ಕೆ ಬೇಡ.

ಹೊರದೇಶದ ಉದಾಹರಣೆಗಳನ್ನು ಬಳಸುವ ಬಗೆ

‘ಅಮೆರಿಕದ ಸಂವಿಧಾನದಲ್ಲೇ ದೇವರಿದ್ದಾನೆ’ ಎಂಬ ಮಾತನ್ನು ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಹೇಳಲಿ, ಆದರೆ ವರ್ಷ ಸಮೇತ ಹೇಳಲಿ. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತನ ಉಲ್ಲೇಖವಿದೆ. 1787ರ ಸಂವಿಧಾನದಲ್ಲಿ, ಕೊನೆಗೆ ತಾರೀಕು ಬರೆಯುವಾಗ ಬಳಸಿದ ಅಂದಿನ ವಾಡಿಕೆಯ ನುಡಿಗಟ್ಟನ್ನು ಬಿಟ್ಟರೆ ದೇವರ ಪ್ರಸ್ತಾಪವಿಲ್ಲ. ಬದಲಿಗೆ ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂಬ ವಿಧಿ ಇದೆ. 1791ರ ಮೊದಲ ತಿದ್ದುಪಡಿ ಸರ್ಕಾರ ಧರ್ಮವೊಂದನ್ನು ಸ್ಥಾಪಿಸುವುದನ್ನು ತಡೆಯಿತು. ನಾಣ್ಯ, ನೋಟುಗಳ ಮೇಲೆ ಕಾಣುವ ದೇವರ ಮೇಲಿನ ಭರವಸೆಯ ಸಾಲು ರಾಷ್ಟ್ರೀಯ ಧ್ಯೇಯವಾಕ್ಯವಾದದ್ದು 1956ರಲ್ಲಿ. ಎರಡು ದಾಖಲೆಗಳು, ಎರಡು ಸ್ವಭಾವ. ಒಂದು ದೇಶ ಕಟ್ಟುವ ಹುಮ್ಮಸ್ಸಿನ ಘೋಷಣೆ, ಇನ್ನೊಂದು ಅಧಿಕಾರದ ಲೆಕ್ಕಪತ್ರ.

ನಮ್ಮ ಚರ್ಚೆಗೆ ನಿಜವಾಗಿ ಒದಗುವ ಜೋಡಿ ಐರ್ಲೆಂಡ್ ಮತ್ತು ಪಾಕಿಸ್ತಾನ. ಐರ್ಲೆಂಡಿನ 1937ರ ಸಂವಿಧಾನ ಕ್ರೈಸ್ತರ ಪವಿತ್ರ ತ್ರಯೈಕ್ಯದ (ತಂದೆ, ಮಗ, ಪವಿತ್ರಾತ್ಮ) ಹೆಸರಿನಿಂದಲೇ ಆರಂಭವಾಗುತ್ತದೆ, ಇಂದಿಗೂ. ಆದರೆ ಕ್ಯಾಥೊಲಿಕ್ ಚರ್ಚಿಗೆ ಕೊಟ್ಟಿದ್ದ ವಿಶೇಷ ಸ್ಥಾನವನ್ನು ಅಲ್ಲಿನ ಜನ 1972ರಲ್ಲಿ ಮತ ಹಾಕಿ ತೆಗೆದರು, ವಿಚ್ಛೇದನದ ನಿಷೇಧವನ್ನು 1995ರಲ್ಲಿ, ದೈವನಿಂದನೆಯ ಅಪರಾಧವನ್ನು 2018ರಲ್ಲಿ. ಪ್ರಸ್ತಾವನೆ ಅಲುಗಲಿಲ್ಲ, ಕೆಳಗಿನ ವಿಧಿಗಳು ಬದಲಾದವು. ಕಾಮತರ ಪರ ತಂಡಕ್ಕೆ ಇದು ಬಲವಾದ ಅಸ್ತ್ರ: ಮೇಲೆ ದೇವರ ಹೆಸರಿದ್ದರೂ ಸ್ವಾತಂತ್ರ್ಯಕ್ಕೆ ಭಂಗವಿಲ್ಲ. ದೇವರು ನಮ್ಮ ಜನರನ್ನು ಕಾಪಾಡಲಿ ಎಂಬ ಪ್ರಾರ್ಥನೆ ಇರುವ ದಕ್ಷಿಣ ಆಫ್ರಿಕಾದ 1996ರ ಪ್ರಸ್ತಾವನೆಯನ್ನೂ ಅವರು ತರಬಹುದು.

ವಿರೋಧಿ ತಂಡದ ಉತ್ತರ ಪಾಕಿಸ್ತಾನದಲ್ಲಿದೆ. 1949ರ ಮಾರ್ಚ್ 12ರಂದು, ಅಂದರೆ ನಮ್ಮಲ್ಲಿ ಕಾಮತರ ತಿದ್ದುಪಡಿ ಬರುವ ಏಳು ತಿಂಗಳು ಮೊದಲು, ಅಲ್ಲಿನ ಸಂವಿಧಾನ ಸಭೆ ಸಾರ್ವಭೌಮತ್ವ ಅಲ್ಲಾಹನದು ಎಂಬ ಧ್ಯೇಯ ನಿರ್ಣಯವನ್ನು ಅಂಗೀಕರಿಸಿತು. ಪೂರ್ವ ಬಂಗಾಳದ ಶ್ರೀಶಚಂದ್ರ ಚಟ್ಟೋಪಾಧ್ಯಾಯ ಮತ್ತಿತರ ಕಾಂಗ್ರೆಸ್ ಸದಸ್ಯರು ಮಾಡಿದ ವಿರೋಧ ಫಲಿಸಲಿಲ್ಲ. ಬಹುಕಾಲ ಅದು ಪ್ರಸ್ತಾವನೆಯಲ್ಲಿ ಸುಮ್ಮನೆ ಕುಳಿತಿತ್ತು. 1985ರಲ್ಲಿ, ಜಿಯಾ ಉಲ್ ಹಕ್ ಕಾಲದಲ್ಲಿ, ಅದನ್ನು 2ಎ ವಿಧಿಯ ಮೂಲಕ ಸಂವಿಧಾನದ ಕಾರ್ಯಕಾರಿ ಭಾಗವಾಗಿಸಲಾಯಿತು. ಪ್ರಸ್ತಾವನೆಯ ಸಾಲು ಬರೀ ಅಲಂಕಾರ ಎಂದು ನೆಮ್ಮದಿಯಿಂದಿರಲು ಆಗದು, ಮಲಗಿದ್ದ ಸಾಲು ಎದ್ದು ಕೂರಬಹುದು ಎಂಬುದು ಅವರ ವಾದವಾಗಬೇಕು. ನಮ್ಮಲ್ಲೂ 1960ರಲ್ಲಿ ಸಂವಿಧಾನದ ಭಾಗವಲ್ಲದ ಪ್ರಸ್ತಾವನೆ 1973ರಲ್ಲಿ ಭಾಗವಾಯಿತಲ್ಲ? ಇಲ್ಲಿಗೆ ಬಂದರೆ ಚರ್ಚೆ ಗಟ್ಟಿ ನೆಲ ತಲುಪಿತು ಎಂದೇ ಅರ್ಥ. ನಿರೂಪಕರು ಗಡಿಯಾರ ನೋಡದೆ ಹತ್ತು ನಿಮಿಷ ಹೆಚ್ಚಿಗೆ ಬಿಡಬೇಕು.

ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಿಗೆ ಹೊತ್ತು ಸಾಲುವುದಿಲ್ಲ. ಕೇಳಿದರೆ ಒಂದೊಂದು ವಾಕ್ಯ ಸಾಕು: ನೇಪಾಳ 2015ರ ಸಂವಿಧಾನದಲ್ಲಿ ಧರ್ಮನಿರಪೇಕ್ಷವೆಂದು ಕರೆದುಕೊಂಡು, ಅದರ ವಿವರಣೆಯಲ್ಲೇ ಸನಾತನ ಕಾಲದಿಂದ ಬಂದ ಧರ್ಮದ ರಕ್ಷಣೆಯನ್ನೂ ಸೇರಿಸಿತು. ಬಾಂಗ್ಲಾದೇಶ 2011ರಲ್ಲಿ ಸೆಕ್ಯುಲರಿಸಂ ಅನ್ನು ಮರಳಿ ತಂದರೂ 1988ರಲ್ಲಿ ಇಸ್ಲಾಂಗೆ ಕೊಟ್ಟಿದ್ದ ರಾಜ್ಯಧರ್ಮದ ಸ್ಥಾನವನ್ನು ಉಳಿಸಿಕೊಂಡಿತು. ಶ್ರೀಲಂಕಾ 1972ರಿಂದ ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿದೆ.

ದನಿ ಏರಿದಾಗ

ಏರುತ್ತದೆ. ಆಗ ‘ಶಾಂತವಾಗಿರಿ’ ಎಂದು ಗದರಿದರೆ ಇನ್ನಷ್ಟು ಏರುತ್ತದೆ. ಎದುರಾಳಿಯ ವಾದವನ್ನು ಅವರು ಒಪ್ಪುವಂತೆ ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ನಿಮ್ಮದನ್ನು ಮುಂದುವರಿಸಿ ಎಂದು ಕೇಳಿಕೊಳ್ಳಿ. ಅಲ್ಲಿರುವ ಯಾರೊಬ್ಬರ ಜಾತಿ, ಧರ್ಮವನ್ನು ಹಿಡಿದು ‘ನಿಮ್ಮವರು’ ಎಂಬ ಮಾತು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಆ ವ್ಯಕ್ತಿಯ ಸರದಿ ಮುಗಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ, ಸಂಘದ ಅಧ್ಯಕ್ಷರಾದರೂ ಸರಿ. ಕಾಫಿಯನ್ನು ನಡುವೆ ಕೊಡಿಸಿ, ಕೊನೆಯಲ್ಲಿ ಬೇಡ. ಲೋಟ ಹಿಡಿದು ನಿಂತವರು ಎದುರು ತಂಡದವರ ಜತೆಗೇ ಮಾತಿಗೆ ಬೀಳುತ್ತಾರೆ. ಸಭೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು ಬೇಡ ಎಂದು ಮೊದಲೇ ಹೇಳಿ. ಒಲ್ಲದ ಪಕ್ಷದ ಪರ ಆಡಿದ ಮಾತಿನ ಮೂವತ್ತು ಸೆಕೆಂಡಿನ ತುಣುಕು ವಾಟ್ಸ್‌ಆ್ಯಪಿಗೆ ಹೋದರೆ ಆ ವ್ಯಕ್ತಿ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಗುತ್ತದೆ.

ಮತದಾನ

ಸಂವಿಧಾನ ಸಭೆಯಲ್ಲಿ ಕೈ ಎತ್ತಿದರು. ನೀವು ಚೀಟಿ ಬಳಸಿ. ಸಭೆಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಎರಡೂ ಸಲ ತಮ್ಮ ಸ್ವಂತ ಅಭಿಪ್ರಾಯದಂತೆ, ಹೆಸರಿಲ್ಲದೆ. ಚೀಟಿಯ ಹಿಂದೆ ಒಂದು ಸಾಲು ಬರೆಯಲು ಜಾಗ ಬಿಡಿ: ‘ಎದುರು ಪಕ್ಷದ ಯಾವ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ?’ ಗೆದ್ದವರು ಯಾರು ಎಂಬ ಲೆಕ್ಕವನ್ನು ಓದಿ ಹೇಳಿದರೆ ಸಾಕು, ಅದಕ್ಕೆ ಚಪ್ಪಾಳೆ ಬೇಡ. ಹಿಂಬದಿಯ ಸಾಲುಗಳನ್ನು ಮಾತ್ರ ಎಲ್ಲವನ್ನೂ ಜೋರಾಗಿ ಓದಿಸಿ, ನಂತರ ಒಂದು ಹಾಳೆಯಲ್ಲಿ ಬರೆದು ಸಂಘದ ಫಲಕಕ್ಕೆ ಅಂಟಿಸಿ. ಅವುಗಳಲ್ಲಿ ಹೆಚ್ಚು ಜನ ಬರೆದ ಸಾಲು ಯಾವುದೋ ಅದೇ ಮುಂದಿನ ತಿಂಗಳ ವಿಷಯ.